ತೆರೆದಿರಬೇಕಾದ ಭಂಡಾರ

(ಶ್ರೀಮಠದ ಪ್ರೌಢಶಾಲೆಯ ಗ್ರಂಥಾಲಯದ ವಾರ್ಷಿಕ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಪ್ರೌಢಶಾಲೆಯ ಗ್ರಂಥಾಲಯದ ವರದಿಯನ್ನು ಮುಖ್ಯೋಪಾಧ್ಯಾಯರು ಈಗ ತಾನೇ ನಿಮ್ಮ ಮುಂದೆ ಓದಿದರು. ಹೊಸ ಪುಸ್ತಕಗಳು ಬಂದಿವೆ, ಹೊಸ ಮೇಜುಗಳು ಬಂದಿವೆ, ಮಳೆಗಾಲದಲ್ಲಿ ಸೋರುತ್ತಿದ್ದ ಮಾಳಿಗೆಯು ದುರಸ್ತಿಯಾಗಿದೆ. ಇವೆಲ್ಲವೂ ಸಂತೋಷದ ವಾರ್ತೆಗಳೇ. ಆದರೆ ವರದಿಯ ಕೊನೆಯಲ್ಲಿ ಒಂದು ಚಿಕ್ಕ ವಾಕ್ಯವಿತ್ತು. ಅದನ್ನು ನೀವು ಎಷ್ಟು ಮಂದಿ ಕಿವಿಗೊಟ್ಟು ಕೇಳಿದಿರೋ ತಿಳಿಯದು. ಕಪಾಟುಗಳಿಗೆ ಬೀಗ ಇರಬೇಕೇ ಬೇಡವೇ, ಪುಸ್ತಕಗಳನ್ನು ಮಕ್ಕಳ ಕೈಗೆ ಕೊಟ್ಟು ಮನೆಗೆ ಕಳುಹಿಸಬೇಕೇ ಬೇಡವೇ ಎಂಬ ವಿಷಯದಲ್ಲಿ ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯಗಳಿವೆ. ಶ್ರೀಗಳು ಅಪ್ಪಣೆ ಕೊಡಿಸಿದಂತೆ ನಡೆಯುವುದು ಎಂಬುದೇ ಆ ವಾಕ್ಯ. ಈ ದಿನದ ನಮ್ಮ ಮಾತೆಲ್ಲವೂ ಆ ಒಂದು ವಾಕ್ಯಕ್ಕೆ ಉತ್ತರ ಎಂದು ತಿಳಿಯಿರಿ.

ಎರಡು ಪಕ್ಷದವರೂ ಶಾಲೆಯ ಹಿತವನ್ನೇ ಬಯಸುವವರು. ಬೀಗ ಬೇಕೆನ್ನುವವರು ಹೇಳುವುದೇನೆಂದರೆ, ಭಕ್ತರು ಕಷ್ಟಪಟ್ಟು ದುಡಿದ ಹಣದಿಂದ ಕೊಂಡ ಪುಸ್ತಕಗಳಿವು, ಹುಡುಗರು ಹಾಳೆ ಹರಿಯುತ್ತಾರೆ, ಚಿತ್ರ ಕತ್ತರಿಸುತ್ತಾರೆ, ಒಯ್ದದ್ದನ್ನು ಮರಳಿ ತರುವುದಿಲ್ಲ, ವರ್ಷಾಂತ್ಯದಲ್ಲಿ ಲೆಕ್ಕ ಒಪ್ಪಿಸಬೇಕಾದವರು ನಾವು ಎಂದು. ಬೇಡವೆನ್ನುವವರು ಹೇಳುವುದೇನೆಂದರೆ, ಓದದೆ ಇಟ್ಟ ಪುಸ್ತಕಕ್ಕೂ ಓದದ ಮಗುವಿಗೂ ಯಾವ ಲಾಭ ಎಂದು. ಮೊದಲನೆಯ ಪಕ್ಷದವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದಕ್ಕೆ ಪ್ರಾಚೀನರ ಬೆಂಬಲವೂ ಇದೆ. ಪರರ ಕೈ ಸೇರಿದ ಪುಸ್ತಕವು ಹೋದಂತೆಯೇ ಸರಿ, ಒಂದು ವೇಳೆ ತಿರುಗಿ ಬಂದರೂ ಜೀರ್ಣವಾಗಿ ಬರುವುದು ಎಂಬ ಅರ್ಥದ ಸುಭಾಷಿತವನ್ನು ನಾವು ಪಾಠಶಾಲೆಯಲ್ಲಿದ್ದಾಗಲೇ ಕಂಠಪಾಠ ಮಾಡಿದ್ದೆವು.

ಆದರೆ ಒಂದು ಮಾತನ್ನು ಯಾವ ಕಾಲದಲ್ಲಿ, ಯಾವ ಕಾರಣದಿಂದ ಹೇಳಿದರು ಎಂಬುದನ್ನು ವಿಚಾರ ಮಾಡದೆ ಆಚರಣೆಗೆ ತಂದರೆ ಅದು ಶಾಸ್ತ್ರವಾಗುವುದಿಲ್ಲ, ಬರಿಯ ರೂಢಿಯಾಗುತ್ತದೆ. ಆ ಸುಭಾಷಿತದ ಕಾಲದಲ್ಲಿ ಪುಸ್ತಕವೆಂದರೆ ತಾಳೆಗರಿಯ ಕಟ್ಟು. ಗರಿಯನ್ನು ತಂದು, ಹದಮಾಡಿ, ಒಣಗಿಸಿ, ಸಮನಾಗಿ ಕತ್ತರಿಸಿ, ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತೀಡಿ, ರಂಧ್ರ ಮಾಡಿ, ದಾರ ಪೋಣಿಸಿ ಕಟ್ಟಬೇಕಾಗಿತ್ತು. ಒಂದು ದೊಡ್ಡ ಕೃತಿಯನ್ನು ಪ್ರತಿಮಾಡುವುದಕ್ಕೆ ತಿಂಗಳುಗಟ್ಟಲೆ ಬೇಕು. ಬಗ್ಗಿ ಬಗ್ಗಿ ಲಿಪಿಕಾರನ ಬೆನ್ನು ಮುರಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಅಂಥ ಪುಸ್ತಕ ಕಳೆದರೆ ಕೆಲವು ವೇಳೆ ಆ ಕೃತಿಯೇ ಲೋಕದಿಂದ ಅಳಿದು ಹೋಗುವ ಸಂಭವವಿತ್ತು. ಆದುದರಿಂದ ಅವರ ಅಂಜಿಕೆಗೆ ಅರ್ಥವಿತ್ತು. ಈ ದಿನ ನಮ್ಮ ಮಕ್ಕಳು ಓದುವ ಕಥೆಪುಸ್ತಕವೊಂದರ ಬೆಲೆ, ಮದುವೆಯ ಮನೆಯಲ್ಲಿ ಎಲೆಯ ಮೇಲೆ ಒಬ್ಬರು ಬಿಟ್ಟೇಳುವ ಪದಾರ್ಥದ ಬೆಲೆಗಿಂತ ಹೆಚ್ಚೇನೂ ಇರಲಾರದು. ಕಳೆದರೆ ಅಂಗಡಿಯಲ್ಲಿ ಅದರದೇ ಇನ್ನೊಂದು ಪ್ರತಿ ಸಿಕ್ಕುತ್ತದೆ. ಕಾರಣವು ಹೋದ ಮೇಲೆಯೂ ಅಂಜಿಕೆಯನ್ನು ಮಾತ್ರ ಉಳಿಸಿಕೊಳ್ಳುವುದು ವಿವೇಕವಲ್ಲ.

ಗ್ರಂಥ ಎಂಬ ಶಬ್ದವನ್ನೇ ನೋಡಿರಿ. ಅದು ಕಟ್ಟು, ಪೋಣಿಸು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಗಂಟಿಗೆ ಗ್ರಂಥಿ ಎನ್ನುವುದೂ ಅದೇ ಧಾತುವಿನಿಂದಲೇ. ಕಟ್ಟಿದ್ದು ಗ್ರಂಥ. ಹಾಗಾದರೆ ಓದುವುದೆಂದರೆ ಏನು? ಕಟ್ಟನ್ನು ಬಿಚ್ಚುವುದು. ಕಟ್ಟಿದ್ದರ ಮೇಲೆ ಮತ್ತೊಂದು ಬೀಗವನ್ನು ಹಾಕಿದರೆ ಗಂಟಿನ ಮೇಲೆ ಗಂಟಾಯಿತೇ ಹೊರತು ಗ್ರಂಥಾಲಯವಾಗಲಿಲ್ಲ. ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಇಂಗ್ಲೆಂಡಿನ ಹೆರೆಫರ್ಡ್ ಎಂಬಲ್ಲಿಯ ದೊಡ್ಡ ಇಗರ್ಜಿಯಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಹಲಗೆಗೆ ಬಿಗಿದಿರುವ ಹಳೆಯ ಗ್ರಂಥಾಲಯವನ್ನು ಇಂದಿಗೂ ಕಾಣಬಹುದು. ನಿಂತಲ್ಲೇ ಓದಬೇಕು, ಒಯ್ಯುವಂತಿಲ್ಲ. ಈಗ ಅದು ಜನರು ಹೋಗಿ ನೋಡಿ ಬರುವ ಪ್ರಾಚೀನ ವಸ್ತು. ನಮ್ಮ ಶಾಲೆಗಳಲ್ಲಿ ಮಾತ್ರ ಆ ಸರಪಳಿಯು ಬೀಗದ ರೂಪದಲ್ಲಿ ಬಳಕೆಯಲ್ಲಿದೆ.

ಕಾಪಾಡುವುದು ಬೇಡವೆಂದು ನಾವು ಹೇಳುತ್ತಿಲ್ಲ. ಮೂಡಬಿದಿರೆಯ ಸಂಗತಿಯನ್ನು ಕೇಳಿರಿ. ಜೈನರ ಪರಮಾಗಮವಾದ ಷಟ್ಖಂಡಾಗಮ ಮತ್ತು ಅದರ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಇವುಗಳ ತಾಳೆಯೋಲೆಗಳು ಹಳಗನ್ನಡದ ಲಿಪಿಯಲ್ಲಿ ಮೂಡಬಿದಿರೆಯ ಬಸದಿಯಲ್ಲಿ ಮಾತ್ರ ಉಳಿದು ಬಂದವು. ಶತಮಾನಗಳ ಕಾಲ ಅಲ್ಲಿಯವರು ಅವುಗಳನ್ನು ದೇವರಂತೆ ಕಾಪಾಡಿದರು. ಯಾತ್ರಿಕರು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವವರು ಇರಲಿಲ್ಲ. ಆಮೇಲೆ ಪ್ರತಿಮಾಡುವ ಕಾರ್ಯವು ನಡೆದು, ಪಂಡಿತರು ಕೂಡಿ ಶೋಧಿಸಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಅವು ಅಚ್ಚಾಗಿ ಹೊರಬಂದವು. ಭಕ್ತಿಯಿಂದ ಕಾಪಾಡದಿದ್ದರೆ ಓಲೆಗಳು ಉಳಿಯುತ್ತಿರಲಿಲ್ಲ. ಇದು ಸತ್ಯ. ಆದರೆ ಹೊರಗೆ ತಂದು ಓದದೆ ಇದ್ದಿದ್ದರೆ ಉಳಿದುದರ ಫಲವು ಯಾರಿಗೂ ದೊರೆಯುತ್ತಿರಲಿಲ್ಲ. ಇದೂ ಸತ್ಯ. ಕಾಪಾಡುವುದು ಓದುವುದಕ್ಕಾಗಿ. ಬಿತ್ತನೆಯ ಬೀಜವನ್ನು ರೈತನು ಹಗೇವಿನಲ್ಲಿ ಎಷ್ಟು ಜೋಪಾನವಾಗಿ ಇಟ್ಟರೂ ಹದವಾದ ಮಳೆ ಬಿದ್ದ ದಿನ ಹೊರಗೆ ತೆಗೆದೇ ತೆಗೆಯುತ್ತಾನಲ್ಲವೇ?

ಇನ್ನೊಂದು ಸಂಗತಿ ಮೈಸೂರಿನದು. 1891ರಲ್ಲಿ ಅಲ್ಲಿ ಸಂಸ್ಥಾನದವರು ಓರಿಯಂಟಲ್ ಲೈಬ್ರರಿಯನ್ನು ಸ್ಥಾಪಿಸಿದರು. ಅಲ್ಲಿಗೆ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥಲಿಪಿಯ ಒಂದು ತಾಳೆಯೋಲೆಯ ಕಟ್ಟನ್ನು ತಂದೊಪ್ಪಿಸಿದರು. ಆ ಕಟ್ಟನ್ನು ಅಲ್ಲಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಬಿಚ್ಚಿ ನೋಡಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಹೆಸರು ಮಾತ್ರ ಅಲ್ಲಲ್ಲಿ ಕೇಳಿಬರುತ್ತಿದ್ದು, ಪೂರ್ಣಪಾಠವು ನಷ್ಟವಾಯಿತೆಂದು ವಿದ್ವಾಂಸರು ಭಾವಿಸಿದ್ದ ಕೃತಿ. ಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚುಮಾಡಿಸಿದರು, 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಭಾರತೀಯರಿಗೆ ರಾಜ್ಯಶಾಸ್ತ್ರವೇ ಇರಲಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿತು. ಇಲ್ಲಿ ಮೂರು ಅಂಗಗಳನ್ನು ಗಮನಿಸಿರಿ. ಕೊಟ್ಟವರೊಬ್ಬರು, ಇಡುವುದಕ್ಕೆ ಒಂದು ಸ್ಥಳ, ಬಿಚ್ಚಿ ಓದಿದವರೊಬ್ಬರು. ಮೂರರಲ್ಲಿ ಯಾವುದು ಇಲ್ಲದಿದ್ದರೂ ಆ ಕಟ್ಟು ಒಲೆಗೆ ಹೋಗುತ್ತಿತ್ತೋ ಗೆದ್ದಲಿಗೆ ಹೋಗುತ್ತಿತ್ತೋ. ನಮ್ಮ ಶಾಲೆಯಲ್ಲಿ ಕೊಡುವವರು ನೀವಿದ್ದೀರಿ, ಸ್ಥಳವು ಸಿದ್ಧವಾಗಿದೆ. ಬಿಚ್ಚುವವರ ವಿಷಯದಲ್ಲಿ ಮಾತ್ರ ನಾವು ಹಿಂದೆ ಮುಂದೆ ನೋಡುತ್ತಿದ್ದೇವೆ.

ಈ ವಿಷಯದಲ್ಲಿ ನಮ್ಮ ದೇಶದಲ್ಲೇ ಒಬ್ಬ ಸೂತ್ರಕಾರರು ಆಗಿಹೋದರು. ಅವರ ಹೆಸರು ಎಸ್. ಆರ್. ರಂಗನಾಥನ್. 1892ರಲ್ಲಿ ತಮಿಳುನಾಡಿನ ಶೀಯಾಳಿಯಲ್ಲಿ ಹುಟ್ಟಿದವರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದವರು. 1924ರಲ್ಲಿ ಅವರನ್ನು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನಾಗಿ ಮಾಡಿದರು. ಆರಂಭದಲ್ಲಿ ಅವರಿಗೆ ಆ ಕೆಲಸ ಸ್ವಲ್ಪವೂ ಸೇರಲಿಲ್ಲ. ಮಾತನಾಡಿಸುವ ವಿದ್ಯಾರ್ಥಿಗಳಿಲ್ಲದೆ ಆ ಮೌನದ ಕೋಣೆಯಲ್ಲಿ ಕುಳಿತಿರಲಾರೆ, ನನ್ನನ್ನು ತರಗತಿಗೆ ಮರಳಿ ಕಳುಹಿಸಿರಿ ಎಂದು ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಬನ್ನಿ, ಆಮೇಲೆ ನೋಡೋಣ ಎಂದರು. ಅಲ್ಲಿಯ ಗ್ರಂಥಾಲಯಗಳಲ್ಲಿ ಕೂಲಿಕಾರರೂ ಮಕ್ಕಳೂ ಹೆಂಗಸರೂ ಬಂದು ಓದುವುದನ್ನು ಕಂಡು ಅವರ ಮನಸ್ಸು ತಿರುಗಿತು. ಹಿಂದಿರುಗಿದ ಮೇಲೆ ಸಾಯುವವರೆಗೆ ಅದೇ ಅವರ ಕಾಯಕವಾಯಿತು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಕಳೆದು, 1962ರಲ್ಲಿ ಅಲ್ಲಿ ಗ್ರಂಥಾಲಯ ವಿದ್ಯೆಯ ಸಂಶೋಧನಾ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟರು. ಅವರ ಜನ್ಮದಿನವೆಂದು ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ನಮ್ಮ ದೇಶದಲ್ಲಿ ಆಚರಿಸುತ್ತಾರೆ.

ಅವರು 1931ರಲ್ಲಿ ಗ್ರಂಥಾಲಯದ ವಿದ್ಯೆಗೆಲ್ಲ ಐದು ಸೂತ್ರಗಳನ್ನು ಹೇಳಿದರು. ಅವುಗಳ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಪುಸ್ತಕವಿರುವುದು ಬಳಸುವುದಕ್ಕೆ, ಇಟ್ಟು ನೋಡುವುದಕ್ಕಲ್ಲ. ಬಂದ ಪ್ರತಿಯೊಬ್ಬನಿಗೂ ಅವನಿಗೆ ತಕ್ಕ ಪುಸ್ತಕ ಸಿಕ್ಕಬೇಕು. ಕಪಾಟಿನಲ್ಲಿರುವ ಪ್ರತಿಯೊಂದು ಪುಸ್ತಕಕ್ಕೂ ಅದನ್ನು ಓದತಕ್ಕವನು ಸಿಕ್ಕಬೇಕು. ಹುಡುಕುವವನ ಹೊತ್ತು ವ್ಯರ್ಥವಾಗಬಾರದು. ಗ್ರಂಥಾಲಯವು ಮರದಂತೆ ಬೆಳೆಯುತ್ತಿರಬೇಕು, ಒಮ್ಮೆ ಕಟ್ಟಿ ಮುಗಿಸಿದೆವು ಎನ್ನುವಂತಿಲ್ಲ. ಸೂತ್ರವೆಂದರೆ ಅಲ್ಪಾಕ್ಷರದಲ್ಲಿ ಅಧಿಕ ಅರ್ಥವಿರಬೇಕು. ಈ ಐದನ್ನು ಕೇಳಿದರೆ ಬಹಳ ಸಾಮಾನ್ಯವಾಗಿ ತೋರುತ್ತವೆ. ಆದರೆ ಬೀಗ ಹಾಕಿದ ಒಂದು ಕಪಾಟಿನ ಮುಂದೆ ನಿಂತು ಒಂದೊಂದನ್ನೇ ಹೇಳಿಕೊಳ್ಳಿರಿ. ಐದೂ ಅಲ್ಲಿ ಭಂಗವಾಗಿರುತ್ತವೆ.

ಈ ದೋಷ ಹೊಸದಲ್ಲ. ಸ್ವಾತಂತ್ರ್ಯ ಬಂದ ಮೇಲೆ 1952-53ರಲ್ಲಿ ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ ಮಾಧ್ಯಮಿಕ ಶಿಕ್ಷಣದ ಆಯೋಗವು ದೇಶವನ್ನೆಲ್ಲ ಸುತ್ತಿ ನೋಡಿತು. ಬಹುಪಾಲು ಶಾಲೆಗಳಲ್ಲಿ ಗ್ರಂಥಾಲಯವೆನ್ನುವಂಥದು ಇಲ್ಲ. ಇರುವಲ್ಲಿ ಪುಸ್ತಕಗಳು ಹಳೆಯವು, ಮಕ್ಕಳ ಅಭಿರುಚಿಯನ್ನು ನೋಡಿ ಆರಿಸಿದವುಗಳಲ್ಲ. ಕೆಲವು ಕಪಾಟುಗಳಲ್ಲಿ ತುಂಬಿ ಇಕ್ಕಟ್ಟಾದ ಕೋಣೆಯಲ್ಲಿ ಇಟ್ಟಿರುತ್ತಾರೆ. ಅದನ್ನು ನೋಡಿಕೊಳ್ಳುವವರಿಗೆ ಪುಸ್ತಕದ ಮೇಲೆ ಪ್ರೀತಿಯಿಲ್ಲ ಎಂದು ಆಯೋಗವು ತನ್ನ ವರದಿಯಲ್ಲಿ ದುಃಖಪಟ್ಟಿತು. ಅಲ್ಲಿಂದ ಈಚೆಗೆ ಎಪ್ಪತ್ತು ವರ್ಷಗಳು ಕಳೆದವು. 2009ರ ಶಿಕ್ಷಣದ ಹಕ್ಕಿನ ಕಾನೂನಿನ ಅನುಸೂಚಿಯಲ್ಲಿ ಪ್ರತಿಯೊಂದು ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯದ ಪುಸ್ತಕಗಳು, ಕಥೆಪುಸ್ತಕಗಳು ಸಹ ಇರಬೇಕು ಎಂದು ವಿಧಿಸಿದ್ದಾರೆ. ಆ ಕಾನೂನು ಎಂಟನೆಯ ತರಗತಿಯವರೆಗಿನದು. ನಮ್ಮ ಪ್ರೌಢಶಾಲೆಯು ಆರಂಭವಾಗುವುದು ಆ ಎಂಟನೆಯ ತರಗತಿಯಿಂದಲೇ. 2020ರ ಮಕ್ಕಳ ದಿನದಂದು ನಮ್ಮ ಸರ್ಕಾರವು ಓದುವ ಬೆಳಕು ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಟ್ಟಿತು. ಕಾನೂನು ಇದೆ, ಯೋಜನೆ ಇದೆ. ಆದರೆ ಬಾಗಿಲನ್ನು ತೆರೆಯುವ ಕೈ ಮನುಷ್ಯನದೇ ಆಗಬೇಕಲ್ಲ.

ಭಕ್ತರೇ, ಇನ್ನು ನಿಮ್ಮ ಅಂತರಂಗವನ್ನು ನೀವೇ ಕೇಳಿಕೊಳ್ಳಬೇಕಾದ ಒಂದು ಮಾತು. ಸುಗ್ಗಿಯ ಕಾಲಕ್ಕೆ ನೀವು ಶ್ರೀಮಠದ ದಾಸೋಹಕ್ಕೆ ಜೋಳ, ಅಕ್ಕಿ, ಬೇಳೆ, ಬೆಲ್ಲಗಳನ್ನು ಗಾಡಿಗಟ್ಟಲೆ ತಂದು ಹಾಕುತ್ತೀರಿ. ಆ ಜೋಳದ ರೊಟ್ಟಿಯನ್ನು ಯಾರು ಉಂಡರು, ಎಷ್ಟು ಉಂಡರು, ಎಲೆಯಲ್ಲಿ ಎಷ್ಟು ಬಿಟ್ಟರು ಎಂದು ಎಂದಾದರೂ ಕೇಳಿದ್ದೀರಾ? ಕೇಳಿಲ್ಲ. ಅನ್ನವು ಖರ್ಚಾಗಬೇಕು, ಖರ್ಚಾದರೇ ಅದು ಸಾರ್ಥಕ ಎಂಬುದು ನಿಮಗೆ ತಿಳಿದಿದೆ. ಉಗ್ರಾಣದಲ್ಲಿ ಮೂಟೆಗಳು ಹಾಗೆಯೇ ಉಳಿದು ಹುಳು ಹಿಡಿದರೆ ನೀವೇ ಬಂದು ನಮ್ಮನ್ನು ಕೇಳುತ್ತೀರಿ. ಪುಸ್ತಕದ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ವರ್ಷಾಂತ್ಯಕ್ಕೆ ಎಣಿಸಿದಾಗ ಒಂದೂ ಕಡಮೆಯಾಗದೆ, ಒಂದರ ರಟ್ಟೂ ಸವೆಯದೆ ಇದ್ದರೆ ಬಹಳ ಚೆನ್ನಾಗಿ ನಡೆಸಿದ್ದಾರೆ ಎಂದು ಹೊಗಳುತ್ತೀರಿ. ಹೊಸದರಂತೆ ಹೊಳೆಯುವ ಪುಸ್ತಕವು ಯಾರೂ ಕುಳಿತು ಉಣ್ಣದ ಎಲೆಯಂತೆ. ಅದನ್ನು ನೋಡಿ ಸಂತೋಷಪಡತಕ್ಕದ್ದು ಏನೂ ಇಲ್ಲ.

ಆದುದರಿಂದ ನಮ್ಮ ನಿರ್ಣಯವನ್ನು ಹೇಳುತ್ತೇವೆ. ಇದನ್ನು ಮುಖ್ಯೋಪಾಧ್ಯಾಯರು ಬರೆದುಕೊಳ್ಳಲಿ.

ಮೊದಲನೆಯದು. ಇಂದಿನಿಂದ ಕಪಾಟುಗಳಿಗೆ ಬೀಗವಿಲ್ಲ. ರಾತ್ರಿ ಕೋಣೆಯ ಬಾಗಿಲಿಗೆ ಮಾತ್ರ ಬೀಗ. ಮಗುವು ತಾನೇ ಹೋಗಿ, ತೆಗೆದು, ಹಾಳೆ ತಿರುವಿ ನೋಡಿ, ಬೇಡವೆನಿಸಿದರೆ ಇಟ್ಟು ಇನ್ನೊಂದನ್ನು ತೆಗೆದುಕೊಳ್ಳಲಿ. ಸಂತೆಯಲ್ಲಿ ಬದನೆಕಾಯಿಯನ್ನಾದರೂ ಮುಟ್ಟಿ ನೋಡದೆ ಕೊಳ್ಳುವುದಿಲ್ಲ. ಪುಸ್ತಕವನ್ನು ಮುಟ್ಟದೆ ಆರಿಸಿಕೊಳ್ಳುವುದು ಹೇಗೆ?

ಎರಡನೆಯದು. ಪ್ರತಿ ಮಗುವಿಗೂ ಎರಡು ಪುಸ್ತಕಗಳನ್ನು ಎರಡು ವಾರದವರೆಗೆ ಮನೆಗೆ ಕೊಡತಕ್ಕದ್ದು. ಬೇಸಿಗೆಯ ರಜೆಯಲ್ಲಿಯೂ ವಾರಕ್ಕೆ ಎರಡು ದಿನ ಗ್ರಂಥಾಲಯವು ತೆರೆದಿರಬೇಕು. ಓದುವುದಕ್ಕೆ ಮಕ್ಕಳಿಗೆ ಪುರಸೊತ್ತು ಇರುವುದೇ ಆಗ. ಆಗಲೇ ನಾವು ಬಾಗಿಲು ಹಾಕಿಕೊಂಡು ಕುಳಿತರೆ ಹೇಗೆ? ಮಗುವಿನ ಚೀಟಿಯ ಮೇಲೆ ತಾಯಿತಂದೆಗಳೂ ಪುಸ್ತಕವನ್ನು ಒಯ್ಯಬಹುದು. ಮಗುವು ಓದಿ ಹೇಳಿದರೆ, ಓದು ಬಾರದ ಅಜ್ಜಿಯೂ ಈ ಗ್ರಂಥಾಲಯದ ಸದಸ್ಯಳೇ ಎಂದು ತಿಳಿಯಬೇಕು.

ಮೂರನೆಯದು ಮುಖ್ಯವಾದದ್ದು. ಪುಸ್ತಕವು ಕಳೆದರೆ, ಹರಿದರೆ, ಮಗುವಿನಿಂದ ಹಣವನ್ನು ತೆಗೆದುಕೊಳ್ಳಕೂಡದು. ಇದು ಶಿಸ್ತನ್ನು ಕೆಡಿಸುವುದೆಂದು ಕೆಲವರಿಗೆ ತೋರಬಹುದು. ಆದರೆ ದಂಡದ ಅಂಜಿಕೆ ಯಾರಿಗೆ ತಟ್ಟುತ್ತದೆ ನೋಡಿರಿ. ಅನುಕೂಲಸ್ಥರ ಮಗನು ದಂಡವನ್ನು ಕೊಟ್ಟು ಮರೆತುಬಿಡುತ್ತಾನೆ. ಕೂಲಿಮಾಡುವವರ ಮಗಳಿಗೆ ಮನೆಯಲ್ಲಿ ಪುಸ್ತಕವಿಡಲು ಗೂಡಿಲ್ಲ, ಮಾಡು ಸೋರುತ್ತದೆ, ಚಿಕ್ಕ ತಮ್ಮನು ಎಳೆಯುತ್ತಾನೆ. ಇದನ್ನೆಲ್ಲ ಯೋಚಿಸಿ ಅವಳು ಪುಸ್ತಕವನ್ನೇ ಒಯ್ಯುವುದಿಲ್ಲ. ಯಾರಿಗೆ ಮನೆಯಲ್ಲಿ ಒಂದು ಪುಸ್ತಕವೂ ಇಲ್ಲವೋ, ಯಾರಿಗಾಗಿ ಈ ಗ್ರಂಥಾಲಯವನ್ನು ಕಟ್ಟಿದೆವೋ, ಅವರನ್ನೇ ಆ ದಂಡವು ಹೊರಗೆ ನಿಲ್ಲಿಸುತ್ತದೆ. ಹರಿದ ಪುಸ್ತಕವನ್ನು ತಂದ ಮಗುವು ಸಂಜೆ ಒಂದು ಗಂಟೆ ಕುಳಿತು, ಅಂಟು ಹಚ್ಚಿ, ರಟ್ಟು ಕಟ್ಟಿ, ತಾನು ಹರಿದದ್ದನ್ನೂ ಇನ್ನೆರಡನ್ನೂ ಸರಿಪಡಿಸಲಿ. ಕಳೆದ ಪುಸ್ತಕದ ಬೆಲೆಯನ್ನು ಶ್ರೀಮಠವು ಭರಿಸುತ್ತದೆ. ವರ್ಷಕ್ಕೆ ಹತ್ತು ಪುಸ್ತಕಗಳು ಕಳೆದುಹೋದರೆ, ಅವು ಯಾವುದೋ ಮನೆಯಲ್ಲಿ ಇವೆ ಎಂದು ತಿಳಿದು ಸಮಾಧಾನ ತಂದುಕೊಳ್ಳೋಣ.

ನಾಲ್ಕನೆಯದು. ಸಂಜೆ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆಯ ಕಾಲ ಗ್ರಂಥಾಲಯವು ತೆರೆದಿರುತ್ತದೆ. ಇಲ್ಲಿ ತಂದೆತಾಯಿಗಳಿಗೆ ಒಂದು ಮಾತು. ಈ ಹೊತ್ತಿನಲ್ಲಿ ಹುಡುಗರು ಉಳಿಯುತ್ತಾರೆ, ಹುಡುಗಿಯರು ಉಳಿಯುವುದಿಲ್ಲ. ನೀರು ತರಬೇಕು, ಪಾತ್ರೆ ತಿಕ್ಕಬೇಕು, ಹೊತ್ತಾದರೆ ಜನ ಏನೆಂದಾರು ಎಂದು ನೀವು ಕರೆಯುತ್ತೀರಿ. ವಾರದಲ್ಲಿ ಎರಡು ದಿನವಾದರೂ ನಿಮ್ಮ ಹೆಣ್ಣುಮಗುವಿಗೆ ಆ ಒಂದೂವರೆ ಗಂಟೆಯನ್ನು ಬಿಟ್ಟುಕೊಡಿರಿ. ಆ ಎರಡು ದಿನ ಪಾತ್ರೆಯನ್ನು ಮಗನು ತಿಕ್ಕಲಿ, ಅವನ ಕೈಯೇನೂ ಸವೆಯುವುದಿಲ್ಲ. ದೂರದ ಹಳ್ಳಿಯ ಹೆಣ್ಣುಮಕ್ಕಳನ್ನು ಒಟ್ಟಾಗಿ ಮನೆ ಮುಟ್ಟಿಸುವುದಕ್ಕೆ ಶ್ರೀಮಠದ ವಾಹನವನ್ನು ಕಳುಹಿಸುತ್ತೇವೆ.

ಐದನೆಯದು, ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣರಾದ ಮಕ್ಕಳ ವಿಷಯ. 2025ರ ಮೊದಲನೆಯ ಪರೀಕ್ಷೆಯಲ್ಲಿ ನಮ್ಮ ರಾಜ್ಯದಲ್ಲಿ ಕುಳಿತ ಮಕ್ಕಳ ಪೈಕಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು ತೇರ್ಗಡೆಯಾಗಲಿಲ್ಲ. ಅಂಥವರಿಗೆ ಮತ್ತೆ ಪರೀಕ್ಷೆ ಬರೆಯುವ ಅವಕಾಶವನ್ನು ಕೊಟ್ಟಿದ್ದಾರೆ. ಅವಕಾಶವೇನೋ ಇದೆ, ಆದರೆ ಫೇಲಾದ ಮಗುವು ಎಲ್ಲಿ ಕುಳಿತು ಓದಬೇಕು? ಶಾಲೆಯ ಹಾಜರಿ ಪುಸ್ತಕದಿಂದ ಹೆಸರು ಹೋಯಿತು, ಮನೆಯಲ್ಲಿ ಬೈಗುಳ, ಬೀದಿಯಲ್ಲಿ ನಗೆ. ಕೆಲವು ತಿಂಗಳಲ್ಲಿ ಗಂಡುಮಗುವು ಗ್ಯಾರೇಜಿಗೋ ಇಟ್ಟಿಗೆ ಗೂಡಿಗೋ ಹೋಗುತ್ತದೆ, ಹೆಣ್ಣುಮಗುವಿಗೆ ಗಂಡು ನೋಡುತ್ತೀರಿ. ನಮ್ಮ ಗ್ರಂಥಾಲಯದ ಬಾಗಿಲು ತೇರ್ಗಡೆಯಾಗದ ಮಕ್ಕಳಿಗೆ ಮೊದಲು ತೆರೆಯಬೇಕು. ಅವರ ಹೆಸರಿನ ಚೀಟಿಯನ್ನು ರದ್ದುಮಾಡಕೂಡದು. ತೇರ್ಗಡೆಯಾಗಿ ಹೋಗುವವರು ತಮ್ಮ ಪಠ್ಯಪುಸ್ತಕಗಳನ್ನು ಇಲ್ಲಿ ಒಪ್ಪಿಸಿ ಹೋಗಲಿ, ಅವು ಇವರಿಗೆ ಒದಗುತ್ತವೆ. ನೀನು ಇನ್ನೂ ನಮ್ಮ ಶಾಲೆಯವನೇ ಎಂದು ಹೇಳುವ ಒಂದು ಸ್ಥಳ ಊರಿನಲ್ಲಿ ಇರಲಿ.

ಈಗಿನ ಕಾಲದಲ್ಲಿ ಎಲ್ಲವೂ ಮೊಬೈಲಿನಲ್ಲಿದೆ, ಪುಸ್ತಕದ ಕೋಣೆ ಏತಕ್ಕೆ ಎಂದು ತರುಣರು ಕೇಳುತ್ತಾರೆ. ಅದರಲ್ಲಿ ಒಳ್ಳೆಯದೂ ಇದೆ, ಅಲ್ಲಗಳೆಯುವುದಿಲ್ಲ. ಖರಗಪುರದ ಐಐಟಿಯವರು ಸಿದ್ಧಪಡಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು 2018ರ ಜೂನ್ 19ರಂದು ದೇಶಕ್ಕೆ ಅರ್ಪಿಸಿದರು. 2017ರಲ್ಲಿ ಆರಂಭವಾದ ದೀಕ್ಷಾ ಎಂಬುದರಲ್ಲಿ ಶಾಲೆಯ ಪಾಠಗಳು ದೊರೆಯುತ್ತವೆ. ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರುಗಳನ್ನು ಇರಿಸಿ, ಇವುಗಳನ್ನು ನೋಡುವ ಕ್ರಮವನ್ನು ಮಕ್ಕಳಿಗೆ ಕಲಿಸಲು ಏರ್ಪಾಡಾಗಿದೆ. ಆದರೆ ಮೊಬೈಲು ಸಮುದ್ರದಂತೆ. ಮುತ್ತೂ ಅಲ್ಲಿಯೇ, ಮೊಸಳೆಯೂ ಅಲ್ಲಿಯೇ. ಹದಿಮೂರು ವರ್ಷದ ಮಗುವನ್ನು ಸಮುದ್ರಕ್ಕೆ ಇಳಿಸುವ ಮೊದಲು ಕೆರೆಯಲ್ಲಿ ಈಜು ಕಲಿಸಬೇಕು. ಒಂದು ಪುಸ್ತಕವನ್ನು ಆದಿಯಿಂದ ಅಂತ್ಯದವರೆಗೆ ತಾಳ್ಮೆಯಿಂದ ಓದಿದ ಅಭ್ಯಾಸವೇ ಆ ಈಜು.

ಇನ್ನು ಉಪಾಧ್ಯಾಯರಿಗೆ. ವೇಳಾಪಟ್ಟಿಯಲ್ಲಿ ಪ್ರತಿ ತರಗತಿಗೂ ವಾರಕ್ಕೆ ಒಂದು ಗ್ರಂಥಾಲಯದ ಅವಧಿಯನ್ನು ಇಟ್ಟಿದ್ದೇವೆ. ಆ ಅವಧಿಯನ್ನು ಗಣಿತದವರೂ ಇಂಗ್ಲಿಷಿನವರೂ ಸಾಲವಾಗಿ ಕೇಳಬಾರದು, ಕೇಳಿದರೂ ಕೊಡಬಾರದು. ಮಕ್ಕಳ ಜೊತೆಗೆ ನೀವೂ ಒಂದು ಪುಸ್ತಕವನ್ನು ಹಿಡಿದು ಓದಿರಿ. ಓದುವ ಗುರುವನ್ನು ನೋಡಿ ಶಿಷ್ಯನು ಓದುತ್ತಾನೆ, ಓದು ಎಂದು ಗದರಿಸುವುದನ್ನು ಕೇಳಿ ಓದುವುದಿಲ್ಲ. ಮಗುವು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಾದಾಗ, ಬಾ ನೋಡೋಣ ಎಂದು ಕರೆದುಕೊಂಡು ಹೋಗಿ ಹುಡುಕಿರಿ. ಮೈಸೂರು ವಿಶ್ವವಿದ್ಯಾನಿಲಯದವರ ಕನ್ನಡ ವಿಶ್ವಕೋಶದ ಹದಿನಾಲ್ಕು ಸಂಪುಟಗಳಿವೆ, ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳಿವೆ, ಕಿರಿಯರಿಗೆಂದೇ ನಿರಂಜನರು ಸಂಪಾದಿಸಿದ ಜ್ಞಾನಗಂಗೋತ್ರಿಯ ಏಳು ಸಂಪುಟಗಳಿವೆ. ಹಳೆಯ ಕೋಶಗಳಲ್ಲಿ ಕೆಲವು ಸಂಗತಿಗಳು ಈಗ ಬದಲಾಗಿರಬಹುದು. ಅದನ್ನೂ ಮಕ್ಕಳಿಗೆ ತೋರಿಸಿ, ಹೊಸದರೊಡನೆ ಹೋಲಿಸಿ ನೋಡುವುದನ್ನು ಕಲಿಸಿರಿ. ಕೋಶ ಓದು ದೇಶ ಸುತ್ತು ಎಂದರು ಹಿರಿಯರು. ದೇಶ ಸುತ್ತುವುದಕ್ಕೆ ಹಣ ಬೇಕು. ಕೋಶವು ಇಲ್ಲೇ ಕೈಗೆ ಎಟಕುತ್ತದೆ.

ಕೊಡುವ ಭಕ್ತರಿಗೆ ಎರಡು ಮಾತು. ಮನೆಯಲ್ಲಿ ಬೇಡವಾದುದನ್ನು ತಂದು ಹಾಕಬೇಡಿರಿ. ಹತ್ತು ವರ್ಷದ ಹಿಂದಿನ ಗೈಡುಗಳು, ಹರಿದ ಪಂಚಾಂಗಗಳು, ಒಂದೇ ಪುಸ್ತಕದ ಐವತ್ತು ಪ್ರತಿಗಳು, ಇವು ಕಪಾಟನ್ನು ತುಂಬುತ್ತವೆ, ಮಗುವಿನ ತಲೆಯನ್ನು ತುಂಬುವುದಿಲ್ಲ. ಏನು ಬೇಕು ಎಂಬ ಪಟ್ಟಿಯನ್ನು ಮಕ್ಕಳನ್ನೇ ಕೇಳಿ ತಯಾರಿಸಿ ಶಾಲೆಯ ಫಲಕದ ಮೇಲೆ ಅಂಟಿಸಿದ್ದಾರೆ, ಅದರಂತೆ ಕೊಡಿರಿ. ಎರಡನೆಯದಾಗಿ, ಕಟ್ಟಡಕ್ಕೆ ಕೊಟ್ಟರೆ ಹೆಸರು ಅಮೃತಶಿಲೆಯ ಮೇಲೆ ಬರುತ್ತದೆ, ಆದುದರಿಂದ ಎಲ್ಲರೂ ಕಟ್ಟಡಕ್ಕೇ ಕೊಡುತ್ತಾರೆ. ಗ್ರಂಥಪಾಲಕಿಯ ತಿಂಗಳ ಸಂಬಳಕ್ಕೆ ಕೊಟ್ಟರೆ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೆ ಪುಸ್ತಕವನ್ನೂ ಮಗುವನ್ನೂ ಬಲ್ಲ ಒಬ್ಬ ವ್ಯಕ್ತಿಯು ಅಲ್ಲಿ ಇಲ್ಲದಿದ್ದರೆ ಆ ಕೋಣೆಯು ಪೂಜಾರಿಯಿಲ್ಲದ ಗುಡಿ. ಮುಂದಿನ ಮೂರು ವರ್ಷಗಳ ಸಂಬಳಕ್ಕೆ ನಿಧಿಯೊಂದನ್ನು ಈ ದಿನವೇ ಆರಂಭಿಸುತ್ತೇವೆ. ಈ ಸಾರಿಯ ಜಾತ್ರೆಯಲ್ಲಿ ನಮ್ಮ ಪಾದಕ್ಕೆ ಬರುವ ಕಾಣಿಕೆಯೆಲ್ಲವೂ ಆ ನಿಧಿಗೆ ಸೇರತಕ್ಕದ್ದು.

ಬಡವರಿಂದ ಇದೆಲ್ಲ ಸಾಧ್ಯವೇ ಎನ್ನುವವರಿಗೆ ಒಬ್ಬರ ಹೆಸರನ್ನು ಹೇಳುತ್ತೇವೆ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ದಿನಗೂಲಿಯವರು. ತಮಗೆ ಶಾಲೆಯ ಓದು ದೊರೆಯದಿದ್ದರೂ, ತಮ್ಮ ದುಡಿಮೆಯ ಹಣದಲ್ಲಿ ಬಡಾವಣೆಯವರಿಗೆಲ್ಲ ಒಂದು ಗ್ರಂಥಾಲಯವನ್ನು ನಡೆಸುತ್ತ ಬಂದರು. ದಿನಪತ್ರಿಕೆಗಳನ್ನು ಕೊಂಡು ಹಾಕಿದರು, ಕನ್ನಡದ ಪುಸ್ತಕಗಳನ್ನು ಕೂಡಿಸಿದರು. ಸುಮಾರು 11,000 ಪುಸ್ತಕಗಳು ಸೇರಿದ್ದವು. 2021ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು ಎಲ್ಲವೂ ಬೂದಿಯಾಯಿತು. ಆ ಮನುಷ್ಯರು ಮತ್ತೆ ಕಟ್ಟುತ್ತೇನೆ ಎಂದರೇ ಹೊರತು ಸಾಕಾಯಿತು ಎನ್ನಲಿಲ್ಲ. ಅದನ್ನು ಕೇಳಿ ನಾಡಿನ ನಾನಾ ಕಡೆಗಳಿಂದ ಜನರು ಪುಸ್ತಕವನ್ನೂ ಹಣವನ್ನೂ ಕಳುಹಿಸಲು ಮುಂದಾದರು. ಓದು ಸಿಕ್ಕದೆ ಹೋದವರಿಗೇ ಅದರ ಬೆಲೆ ಇಷ್ಟು ತಿಳಿದಿರುವಾಗ, ಓದು ಸಿಕ್ಕಿದ ನಾವು ಹತ್ತು ಪುಸ್ತಕ ಕಳೆದಾವೆಂದು ಅಂಜುತ್ತ ಕೂರುವುದು ನಾಚಿಕೆಗೇಡಲ್ಲವೇ?

ಮಕ್ಕಳೇ, ಕೊನೆಯ ಮಾತು ನಿಮಗೆ. ಬೀಗವನ್ನು ತೆಗೆಸಿದ್ದೇವೆ. ಇನ್ನು ಮೇಲೆ ಕಾವಲು ನಿಮ್ಮದು. ಹಾಳೆಯ ಮೂಲೆಯನ್ನು ಮಡಿಸಬೇಡಿರಿ, ಎಂಜಲಿನಿಂದ ತಿರುವಬೇಡಿರಿ, ಚಿತ್ರವನ್ನು ಕತ್ತರಿಸಬೇಡಿರಿ. ನಿಮ್ಮ ನಂತರ ಅದನ್ನೇ ಕಾಯುತ್ತಿರುವ ಮತ್ತೊಂದು ಮಗುವು ಇದೆ ಎಂಬುದನ್ನು ನೆನಪಿನಲ್ಲಿಡಿರಿ. ಒಂದು ವೇಳೆ ಹರಿದರೆ ಬಚ್ಚಿಡದೆ ತಂದು ತೋರಿಸಿರಿ, ಯಾರೂ ಬೈಯುವುದಿಲ್ಲ. ನಿಮಗೆ ಯಾವ ಪುಸ್ತಕ ಸೇರುವುದೋ ಅದನ್ನು ಓದಿರಿ. ದೊಡ್ಡವರು ಮೆಚ್ಚುವುದನ್ನೇ ಓದಬೇಕೆಂದಿಲ್ಲ. ಒಂದು ಪುಸ್ತಕವು ಇನ್ನೊಂದರ ದಾರಿಯನ್ನು ತಾನೇ ತೋರಿಸುತ್ತದೆ.

ಮುಂದಿನ ವರ್ಷದ ವರದಿಯಲ್ಲಿ ಎಷ್ಟು ಪುಸ್ತಕಗಳು ಇವೆ ಎಂಬ ಲೆಕ್ಕಕ್ಕಿಂತ ಮೊದಲು, ಎಷ್ಟು ಪುಸ್ತಕಗಳು ಮನೆಗಳಿಗೆ ಹೋಗಿಬಂದವು, ಎಷ್ಟು ಹೆಣ್ಣುಮಕ್ಕಳು ಸಂಜೆ ಕುಳಿತು ಓದಿದರು, ಫೇಲಾದವರಲ್ಲಿ ಎಷ್ಟು ಮಂದಿ ಮತ್ತೆ ಪರೀಕ್ಷೆಗೆ ಕುಳಿತರು ಎಂಬ ಲೆಕ್ಕವನ್ನು ನಮಗೆ ಒಪ್ಪಿಸತಕ್ಕದ್ದು. ಆ ಲೆಕ್ಕವನ್ನು ಕೇಳುವುದಕ್ಕೆ ನಾವೇ ಬರುತ್ತೇವೆ. ಕೊಡುವ ಕೈಗಳಿಗೆ ಉದಾರಬುದ್ಧಿಯೂ, ಕಾಯುವ ಕೈಗಳಿಗೆ ತಾಳ್ಮೆಯೂ, ಓದುವ ಕಣ್ಣುಗಳಿಗೆ ಬೆಳಕೂ ದೊರೆಯಲಿ ಎಂದು ಹಾರೈಸಿ, ನಿಮ್ಮೆಲ್ಲರಿಗೂ ಸನ್ಮಂಗಳವನ್ನು ಕೋರಿ, ನಮ್ಮ ಮಾತನ್ನು ಮುಗಿಸುತ್ತೇವೆ.